ಖುಷ್ಕಿ ಜಮೀನಿನ ಮಣ್ಣಿನಲ್ಲಿರುವ ಇಂಗಾಲದ ಲೆಕ್ಕವೂ ಅದರ ಅನಿಶ್ಚಯವೂ

ಮಳೆಯನ್ನೇ ನಂಬಿ ಸಾಗುವಳಿಯಾಗುವ ಖುಷ್ಕಿ ಜಮೀನುಗಳಲ್ಲಿ ಭೂಸಾರವನ್ನು ಕಾಪಾಡಿಕೊಳ್ಳುವುದು ಬೇಸಾಯದ ಕೆಲಸಗಳಲ್ಲೆಲ್ಲಾ ಕಷ್ಟವಾದುದು. ಸೊಪ್ಪು, ಬೇರು, ಕೂಳೆ, ಗೊಬ್ಬರ ಇವುಗಳು ಕೊಳೆತು ಮಣ್ಣಿನಲ್ಲಿ ಬೆರೆತು ಉಳಿಯುವ ಕಪ್ಪು ಪದಾರ್ಥವೇ ಈ ಸಾರಕ್ಕೆ ಆಧಾರವಾದುದು. ಇದು ಮಳೆಯ ನೀರನ್ನು ಹಿಡಿದಿಡುತ್ತದೆ. ಪೈರಿಗೆ ಬೇಕಾದ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಮಣ್ಣು ಗಟ್ಟಿಯಾಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಈ ಪದಾರ್ಥದಲ್ಲಿ ಸುಮಾರು ಅರ್ಧ ಪಾಲು ಇಂಗಾಲವಿರುವುದರಿಂದ, ಇಂಗಾಲವನ್ನು ಅಳೆದು ಭೂಸಾರದ ಸ್ಥಿತಿಯನ್ನು ತಿಳಿಯುವ ಪದ್ಧತಿ ಬಂದಿದೆ.

2015ನೆಯ ಇಸವಿಯಲ್ಲಿ ಭಾರತ ಸರ್ಕಾರವು ಆರಂಭಿಸಿದ ಯೋಜನೆಯ ಪ್ರಕಾರ ರೈತರಿಗೆ ಕೊಡಲ್ಪಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲದ ಅಂಕಿಯು ಸೇರಿರುತ್ತದೆ. ನೂರಕ್ಕೆ 0.50ಕ್ಕಿಂತ ಕಮ್ಮಿಯಾದರೆ ಕಡಿಮೆ ಎಂದೂ, 0.75ಕ್ಕಿಂತ ಹೆಚ್ಚಾದರೆ ಅಧಿಕ ಎಂದೂ, ಇವೆರಡರ ನಡುವೆ ಇದ್ದರೆ ಮಧ್ಯಮ ಎಂದೂ ಎಣಿಸುವುದು ವಾಡಿಕೆ. ಇದು ಮಣ್ಣನ್ನು ಅಳೆದು ಬರೆದ ಅಂಕಿ. ಇದಲ್ಲದೆ ಇನ್ನೊಂದು ಬಗೆಯ ಅಂಕಿಯೂ ಗ್ರಾಮಗಳಿಗೆ ಬರಲು ಪ್ರಾರಂಭವಾಗಿದೆ. ಇಂಥ ಕ್ರಮದಿಂದ ಬೇಸಾಯ ಮಾಡಿದರೆ ಹತ್ತು ವರ್ಷಗಳಲ್ಲಿ ಮಣ್ಣಿನ ಇಂಗಾಲವು ಇಷ್ಟು ಹೆಚ್ಚುವುದೆಂದು ಗಣಕಯಂತ್ರದಿಂದ ಲೆಕ್ಕಹಾಕಿ ಹೇಳುವ ಅಂಕಿ ಅದು. ಭಾರತ ಸರ್ಕಾರವು 2023ರಲ್ಲಿ ಇಂಗಾಲದ ಗಣನೆಯನ್ನು ಕೊಡುಕೊಳ್ಳುವ ಯೋಜನೆಯನ್ನು ಅಧಿಸೂಚಿಸಿತು. 2024ರ ಜನವರಿಯಲ್ಲಿ ಕೇಂದ್ರ ಕೃಷಿ ಮಂತ್ರಾಲಯವು ವ್ಯವಸಾಯದಲ್ಲಿ ಸ್ವಯಂಪ್ರೇರಿತವಾದ ಇಂಗಾಲ ಮಾರುಕಟ್ಟೆಗೆ ಒಂದು ಚೌಕಟ್ಟನ್ನು ಪ್ರಕಟಿಸಿತು. ಹೀಗಾಗಿ ಲೆಕ್ಕದ ಅಂಕಿಯ ಮೇಲೆ ಹಣದ ಮಾತು ನಡೆಯುವ ಕಾಲ ಬಂದಿದೆ. ಆ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಜಮೀನುದಾರರೂ ಗ್ರಾಮದ ಮುಖ್ಯಸ್ಥರೂ ತಿಳಿದಿರುವುದು ಅವಶ್ಯಕ.

1. ಲೆಕ್ಕದ ಕ್ರಮ

ಮಣ್ಣಿನ ಇಂಗಾಲವು ಮನೆಯ ಕಣಜದಂತೆ. ಒಂದು ಕಡೆಯಿಂದ ಬರವು, ಇನ್ನೊಂದು ಕಡೆಯಿಂದ ಖರ್ಚು. ಬೇರು, ಕೂಳೆ, ಉದುರಿದ ಎಲೆ, ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ಇವೆಲ್ಲಾ ಬರವು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಇವುಗಳನ್ನು ತಿಂದು ಅಂಗಾರಾಮ್ಲ ವಾಯುವಾಗಿ ಹೊರಕ್ಕೆ ಬಿಡುವುದು ಖರ್ಚು. ಬರವು ಖರ್ಚುಗಳು ಸಮವಾದಾಗ ಕಣಜದ ಮಟ್ಟವು ನಿಲ್ಲುತ್ತದೆ.

ಇಂಗ್ಲೆಂಡಿನ ರಾಥಂಸ್ಟೆಡ್ ಎಂಬಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೊಬ್ಬರದ ಪರೀಕ್ಷೆಗಳು ನಡೆದುಬಂದಿವೆ. ಆ ಪರೀಕ್ಷೆಗಳಲ್ಲಿ ದೊರೆತ ಅಂಕಿಗಳಿಂದ ಅಲ್ಲಿಯ ವಿಜ್ಞಾನಿಗಳು 1977ರ ಸುಮಾರಿಗೆ ಇಂಗಾಲದ ಲೆಕ್ಕದ ಒಂದು ಮಾದರಿಯನ್ನು ರಚಿಸಿದರು. ಈ ಮಾದರಿಯ ಈಗಿನ ರೂಪದಲ್ಲಿ ಮಣ್ಣಿನ ಇಂಗಾಲವನ್ನು ಐದು ಭಾಗಗಳಾಗಿ ವಿಂಗಡಿಸಿದೆ. ಬೇಗನೆ ಕೊಳೆಯುವ ಕಸ, ನಿಧಾನವಾಗಿ ಕೊಳೆಯುವ ಕಸ, ಸೂಕ್ಷ್ಮಜೀವಿಗಳ ಶರೀರ, ಹಣ್ಣಾದ ಕಪ್ಪು ಪದಾರ್ಥ, ಇದ್ದಿಲಿನಂತೆ ಎಂದಿಗೂ ಬದಲಾಗದ ಭಾಗ ಇವೇ ಆ ಐದು. ಮೊದಲನೆಯದು ಕೆಲವು ತಿಂಗಳಲ್ಲಿಯೇ ಕರಗಿಹೋಗುತ್ತದೆ. ನಾಲ್ಕನೆಯದು ಅಲ್ಲಿನ ಹವೆಯಲ್ಲಿ ವರ್ಷಕ್ಕೆ ನೂರಕ್ಕೆ 2ರಂತೆ ಮಾತ್ರ ಸವೆಯುತ್ತದೆ. ಶಾಖ, ತೇವ, ಜೇಡಿಯ ಅಂಶ, ಹೊಲದ ಮೇಲೆ ಪೈರಿನ ಮರೆ ಇದೆಯೋ ಇಲ್ಲವೋ ಎಂಬುದು, ಇವುಗಳಿಗೆ ತಕ್ಕಂತೆ ಲೆಕ್ಕವು ತಿಂಗಳು ತಿಂಗಳಿಗೂ ನಡೆಯುತ್ತದೆ. ಅಮೆರಿಕದ ಹುಲ್ಲುಬಯಲುಗಳಿಗಾಗಿ 1987ರಲ್ಲಿ ಪ್ರಕಟವಾದ ಸೆಂಚುರಿ ಎಂಬ ಮಾದರಿಯೂ ಇದೇ ಜಾತಿಯದು.

ತಂಪು ಸೀಮೆಯಲ್ಲಿ ಹುಟ್ಟಿದ ಲೆಕ್ಕವನ್ನು ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಕಡೆಯ ಬಿಸಿಲು ಸೀಮೆಯ ಜಮೀನಿಗೆ ಹಾಕಿದಾಗ ಸಂಶಯವು ನಾಲ್ಕು ಬಾಗಿಲುಗಳಿಂದ ಒಳಗೆ ಬರುತ್ತದೆ. ಅವುಗಳನ್ನು ಒಂದೊಂದಾಗಿ ನೋಡಬಹುದು.

2. ಮೊದಲ ಬಾಗಿಲು: ಅಳತೆ

ಲೆಕ್ಕವನ್ನು ಪ್ರಾರಂಭಿಸುವುದಕ್ಕೆ ಮಣ್ಣಿನಲ್ಲಿ ಈಗ ಇರುವ ಇಂಗಾಲವೆಷ್ಟೆಂಬುದು ಗೊತ್ತಿರಬೇಕು. ಒಂದು ಎಕರೆ ಕೆಂಪು ಮಣ್ಣಿನ ಹೊಲದಲ್ಲಿ 15 ಸೆಂಟಿಮೀಟರ್, ಎಂದರೆ ಸುಮಾರು 6 ಅಂಗುಲ ಆಳದವರೆಗಿನ ಮಣ್ಣು ಸುಮಾರು 607 ಘನ ಮೀಟರ್ ಆಗುತ್ತದೆ. ಒಂದು ಘನ ಮೀಟರ್ ಒಣಮಣ್ಣಿನ ತೂಕವನ್ನು 1.5 ಟನ್ನೆಂದು ಹಿಡಿದರೆ ಒಟ್ಟು 910 ಟನ್ನು. ಚೀಟಿಯಲ್ಲಿ ಇಂಗಾಲವು ನೂರಕ್ಕೆ 0.40 ಎಂದಿದ್ದರೆ ಆ ಎಕರೆಯಲ್ಲಿ 36.4 ಕ್ವಿಂಟಾಲು ಇಂಗಾಲವಿದೆಯೆಂದು ಆಯಿತು.

ಆದರೆ ಆ ಹೊಲದ ಮಣ್ಣು ಸ್ವಲ್ಪ ಸಡಿಲವಾಗಿದ್ದು ಘನ ಮೀಟರಿಗೆ 1.4 ಟನ್ನು ತೂಗಿದರೆ ಇಂಗಾಲವು 34 ಕ್ವಿಂಟಾಲಿಗೆ ಇಳಿಯುತ್ತದೆ. ಗಟ್ಟಿಯಾಗಿದ್ದು 1.6 ಟನ್ನು ತೂಗಿದರೆ 38.8 ಕ್ವಿಂಟಾಲಿಗೆ ಏರುತ್ತದೆ. ಚೀಟಿಯಲ್ಲಿರುವ ಅಂಕಿ ಬದಲಾಗದೆಯೇ ಸುಮಾರು 5 ಕ್ವಿಂಟಾಲು ವ್ಯತ್ಯಾಸ ಬಂದಿತು. ಮಣ್ಣಿನಲ್ಲಿ ಹತ್ತನೆಯ ಒಂದು ಪಾಲು ಗರಸುಕಲ್ಲಿದ್ದರೆ ಇನ್ನೂ 3.6 ಕ್ವಿಂಟಾಲನ್ನು ಕಳೆಯಬೇಕು. ಚೀಟಿಗಾಗಿ ಮಣ್ಣು ತೆಗೆಯುವಾಗ ಸಾಮಾನ್ಯವಾಗಿ ಈ ತೂಕವನ್ನಾಗಲಿ ಕಲ್ಲಿನ ಪಾಲನ್ನಾಗಲಿ ನೋಡುವುದಿಲ್ಲ. ಉತ್ತ ಹೊಲದ ಮಣ್ಣು ಉಬ್ಬಿರುವುದರಿಂದ ಅಷ್ಟೇ ಆಳದಲ್ಲಿ ಕಮ್ಮಿ ಮಣ್ಣು ಸಿಗುತ್ತದೆಂಬುದನ್ನೂ ಮರೆಯಬಾರದು.

ಇದರ ಪಕ್ಕದಲ್ಲಿ ಏರಿಕೆಯ ಪ್ರಮಾಣವನ್ನು ಇಟ್ಟು ನೋಡುವುದು ಒಳ್ಳೆಯದು. 2015ರಲ್ಲಿ ಪ್ಯಾರಿಸ್ ನಗರದಲ್ಲಿ ನಡೆದ ಹವಾಮಾನದ ಸಮ್ಮೇಳನದ ಕಾಲದಲ್ಲಿ ಫ್ರಾನ್ಸ್ ದೇಶವು, ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ 4ರಂತೆ ಹೆಚ್ಚಿಸಬೇಕೆಂಬ ಗುರಿಯನ್ನು ಮುಂದಿಟ್ಟಿತು. ಮೇಲಿನ ಎಕರೆಯಲ್ಲಿ ಈ ಗುರಿಯು ಪೂರ್ತಿಯಾಗಿ ನೆರವೇರಿದರೂ ವರ್ಷಕ್ಕೆ ಸುಮಾರು 15 ಕಿಲೋ, ಹತ್ತು ವರ್ಷಗಳಿಗೆ ಒಂದೂವರೆ ಕ್ವಿಂಟಾಲು ಇಂಗಾಲ ಹೆಚ್ಚೀತು. ಚೀಟಿಯ ಅಂಕಿಯು 0.40ರಿಂದ 0.416ಕ್ಕೆ ಹೋದೀತು. ಮಣ್ಣಿನ ತೂಕವನ್ನು ಊಹೆಯಿಂದ ಹಿಡಿದದ್ದರಲ್ಲಿ ಬಂದ ವ್ಯತ್ಯಾಸವೇ ಇದರ ಮೂರರಷ್ಟಿದೆ. ಖುಷ್ಕಿ ಜಮೀನಿನ ಲೆಕ್ಕದಲ್ಲಿರುವ ಮುಖ್ಯ ತೊಡಕು ಇದೇ: ಹುಡುಕುವ ವಸ್ತುವು ಚಿಕ್ಕದು, ಹುಡುಕುವ ಅಳತೆಗೋಲು ಒರಟು.

ಅಲ್ಲದೆ ಒಂದೇ ಹೊಲದಲ್ಲಿಯೂ ಮಣ್ಣು ಒಂದೇ ಸಮನಾಗಿರುವುದಿಲ್ಲ. ಹೊಂಗೆಯ ಮರದ ಕೆಳಗೆ, ತಿಪ್ಪೆ ಹಾಕಿದ್ದ ಜಾಗದಲ್ಲಿ, ಬದುವಿನ ಮೇಲ್ಗಡೆ ಮೆಕ್ಕಲು ನಿಂತ ಕಡೆಯಲ್ಲಿ ಇಂಗಾಲವು ಹೆಚ್ಚು; ಕೊಚ್ಚಿಹೋದ ದಿಣ್ಣೆಯಲ್ಲಿ ಕಮ್ಮಿ. ಪ್ರಯೋಗಶಾಲೆಯ ವಿಧಾನವೂ ಅಂಕಿಯನ್ನು ಬದಲಿಸುತ್ತದೆ. 1934ರಲ್ಲಿ ವಾಕ್ಲಿ ಮತ್ತು ಬ್ಲ್ಯಾಕ್ ಎಂಬುವರು ತಿಳಿಸಿದ ಆಮ್ಲದ ವಿಧಾನವು ಇಂಗಾಲದ ಸುಮಾರು ಮುಕ್ಕಾಲು ಪಾಲನ್ನು ಮಾತ್ರ ಹಿಡಿಯುವುದರಿಂದ, ಬಂದ ಅಂಕಿಯನ್ನು ಸುಮಾರು 1.3ರಿಂದ ಗುಣಿಸುತ್ತಾರೆ. ಈ ಗುಣಕವು ಎಲ್ಲಾ ಮಣ್ಣಿಗೂ ಒಂದೇ ಅಲ್ಲ. ಮಣ್ಣನ್ನು ಯಂತ್ರದಲ್ಲಿ ಸುಟ್ಟು ಅಳೆಯುವ ಹೊಸ ವಿಧಾನದಲ್ಲಿ, ಎರೆಭೂಮಿಯ ಸುಣ್ಣಕಲ್ಲಿನಲ್ಲಿರುವ ಇಂಗಾಲವನ್ನು ಬೇರ್ಪಡಿಸದಿದ್ದರೆ ಅದೂ ಲೆಕ್ಕಕ್ಕೆ ಸೇರಿಕೊಂಡು ಬರಡು ಭೂಮಿಯೂ ಸಾರವತ್ತಾಗಿ ಕಾಣುತ್ತದೆ.

3. ಎರಡನೆಯ ಬಾಗಿಲು: ಬರವಿನ ಅಂದಾಜು

ಹೊಲಕ್ಕೆ ಎಷ್ಟು ಇಂಗಾಲ ಸೇರಿತೆಂಬುದನ್ನು ಯಾರೂ ತೂಗಿ ನೋಡಿರುವುದಿಲ್ಲ. ರಾಗಿಯ ಇಳುವರಿಯಿಂದ ಹುಲ್ಲನ್ನೂ, ಹುಲ್ಲಿನಿಂದ ಕೂಳೆಯನ್ನೂ ಬೇರನ್ನೂ ಊಹಿಸುತ್ತಾರೆ. ಮಳೆ ಕಮ್ಮಿಯಾದ ವರ್ಷದಲ್ಲಿ ಕಾಳು ಕಟ್ಟದಿದ್ದರೂ ಬೇರು ಇಳಿದಿರಬಹುದು. ಆಗ ಊಹೆಯು ತಪ್ಪುತ್ತದೆ. ಅಕ್ಕಡಿ ಸಾಲಿನ ತೊಗರಿ, ಅವರೆಗಳ ಬೇರೂ ಉದುರೆಲೆಯೂ ಅನೇಕ ಸಲ ಲೆಕ್ಕಕ್ಕೇ ಬರುವುದಿಲ್ಲ. ಪೈರು ಕೊಯ್ದ ಮೇಲೆ ಊರಿನ ದನಕುರಿಗಳು ಮೇದು ಹೋದದ್ದೆಷ್ಟು, ಅವು ಬಿಟ್ಟ ಹಿಕ್ಕೆ ಸಗಣಿ ಎಷ್ಟು ಎಂಬುದಕ್ಕೂ ಆಧಾರವಿಲ್ಲ.

ಕೊಟ್ಟಿಗೆ ಗೊಬ್ಬರದ ವಿಷಯದಲ್ಲಿಯೂ ಹೀಗೆಯೇ. ಎಕರೆಗೆ 4 ಟನ್ನು ಗೊಬ್ಬರ ಹಾಕಿದೆನೆಂದು ರೈತನು ಹೇಳಬಹುದು. ಗೊಬ್ಬರದಲ್ಲಿ ಅರ್ಧ ನೀರು, ಒಣಗಿದ ಭಾಗದಲ್ಲಿ ಕಾಲುಪಾಲು ಇಂಗಾಲ ಎಂದು ಹಿಡಿದರೆ 5 ಕ್ವಿಂಟಾಲು ಇಂಗಾಲ ಸೇರಿತು. ಅದೇ ಗೊಬ್ಬರವು ಗುಂಡಿಯಲ್ಲಿ ನೆರಳಿನಲ್ಲಿ ಹಣ್ಣಾಗಿ, ನೀರು ನೂರಕ್ಕೆ 30, ಇಂಗಾಲ ನೂರಕ್ಕೆ 30 ಇದ್ದರೆ 8.4 ಕ್ವಿಂಟಾಲು. ಮಣ್ಣು ಬೆರೆತ ತಿಪ್ಪೆಯ ಗೊಬ್ಬರವಾಗಿ, ನೀರು ನೂರಕ್ಕೆ 60, ಇಂಗಾಲ ನೂರಕ್ಕೆ 20 ಇದ್ದರೆ 3.2 ಕ್ವಿಂಟಾಲು. ಮೂರನ್ನೂ ಕಾಗದದ ಮೇಲೆ 4 ಟನ್ನು ಗೊಬ್ಬರವೆಂದೇ ಬರೆಯುತ್ತಾರೆ.

4. ಮೂರನೆಯ ಬಾಗಿಲು: ಸವೆಯುವ ವೇಗ

ರಾಥಂಸ್ಟೆಡ್ ಮಾದರಿಯಲ್ಲಿ ಅಲ್ಲಿಯ ವಾರ್ಷಿಕ ಸರಾಸರಿ ಶಾಖವಾದ 9.25 ಡಿಗ್ರಿಯಲ್ಲಿ ಕೊಳೆಯುವ ವೇಗವನ್ನು 1 ಎಂದು ಎಣಿಸಿದೆ. ಶಾಖವು 25 ಡಿಗ್ರಿಯಾದರೆ ವೇಗವು ಸುಮಾರು 3.8 ಆಗುತ್ತದೆ. ಆದಕಾರಣವೇ ಬಿಸಿಲು ಸೀಮೆಯಲ್ಲಿ ಹಾಕಿದ ಗೊಬ್ಬರವು ಬೇಗ ಕರಗುತ್ತದೆ. ಆದರೆ ತೇವವಿಲ್ಲದೆ ಸೂಕ್ಷ್ಮಜೀವಿಗಳು ಕೆಲಸಮಾಡಲಾರವು. ಮಣ್ಣು ಪೂರ್ತಿ ಒಣಗಿದಾಗ ವೇಗವನ್ನು 0.2ರಿಂದ ಗುಣಿಸಬೇಕೆಂದು ಮೂಲ ಮಾದರಿಯಲ್ಲಿದೆ. ಒಣ ಪ್ರದೇಶಗಳಿಗಾಗಿ 2013ರಲ್ಲಿ ಇದನ್ನು ತಿದ್ದಿದ ವಿಜ್ಞಾನಿಗಳು ಈ ಸಂಖ್ಯೆಯನ್ನು ಇನ್ನೂ ತಗ್ಗಿಸಬೇಕಾಗುವುದೆಂದು ತೋರಿಸಿದರು. 0.2ಕ್ಕೆ ಬದಲಾಗಿ 0.1 ಎಂದು ಹಿಡಿದರೆ ಒಣ ತಿಂಗಳುಗಳ ಖರ್ಚು ಅರ್ಧಕ್ಕೆ ಇಳಿಯುತ್ತದೆ. ವರ್ಷದಲ್ಲಿ ಆರೇಳು ತಿಂಗಳು ಒಣಗಿರುವ ಜಮೀನಿನಲ್ಲಿ ಇದು ಅಲ್ಪ ವಿಷಯವಲ್ಲ.

ಮಳೆಯ ಲೆಕ್ಕವನ್ನು ತಿಂಗಳ ಮೊತ್ತದಿಂದ ಮಾಡುವುದೂ ತೊಡಕಿಗೆ ಕಾರಣ. ತಿಂಗಳಿಗೆ 100 ಮಿಲಿಮೀಟರ್ ಎಂದರೆ ಹತ್ತು ಹದವಾದ ಮಳೆಗಳಾಗಿರಬಹುದು, ಅಥವಾ ಒಂದೇ ರಾತ್ರಿ ಸುರಿದು ಹಳ್ಳಕ್ಕೆ ಹರಿದುಹೋದ ನೀರಾಗಿರಬಹುದು. ಲೆಕ್ಕಕ್ಕೆ ಎರಡೂ ಒಂದೇ. ಬೇಸಗೆಯಲ್ಲಿ ಕಾದು ಒಣಗಿದ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದ ಕೂಡಲೆ ಸೂಕ್ಷ್ಮಜೀವಿಗಳು ಒಮ್ಮೆಲೆ ಎದ್ದು ಕೆಲವು ದಿನಗಳಲ್ಲಿ ಬಹಳ ಇಂಗಾಲವನ್ನು ಹೊರಕ್ಕೆ ಬಿಡುತ್ತವೆ. ಪೂರ್ವ ಆಫ್ರಿಕದಲ್ಲಿ ಕೆಲಸಮಾಡುತ್ತಿದ್ದ ಬರ್ಚ್ ಎಂಬುವರು 1958ರಲ್ಲಿ ಇದನ್ನು ವಿವರಿಸಿದರು. ತಿಂಗಳ ಸರಾಸರಿಯಲ್ಲಿ ಈ ಉಬ್ಬರವು ಮರೆಯಾಗುತ್ತದೆ.

ಇನ್ನು ಕೆಲವು ಖರ್ಚುಗಳು ರಾಥಂಸ್ಟೆಡ್ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹೊಲದ ಮೇಲೆ ಬಿದ್ದ ಕಸವನ್ನು ಬಿಸಿಲೇ ಒಡೆದು ಕರಗಿಸುತ್ತದೆಂದು ದಕ್ಷಿಣ ಅಮೆರಿಕದ ಪಟಗೋನಿಯ ಎಂಬ ಒಣ ಸೀಮೆಯಲ್ಲಿ ನಡೆದ ಪರೀಕ್ಷೆಯಿಂದ 2006ರಲ್ಲಿ ತಿಳಿದುಬಂದಿತು. ಗೆದ್ದಲು ಹುಲ್ಲನ್ನು ಹೊತ್ತು ಹುತ್ತಕ್ಕೆ ಸಾಗಿಸುತ್ತದೆ. ಬಿರುಸು ಮಳೆಯು ಮೇಲ್ಮಣ್ಣನ್ನು ಕೊಚ್ಚಿ ಕೆಳಗಿನ ಹೊಲಕ್ಕೋ ಕೆರೆಗೋ ಒಯ್ಯುತ್ತದೆ. ಮೇಲಿನ ಹೊಲದವನ ನಷ್ಟವು ಕೊಳೆತದ್ದರಿಂದ ಆದುದಲ್ಲ, ಕೊಚ್ಚಿದ್ದರಿಂದ ಆದುದು. ಲೆಕ್ಕಕ್ಕೆ ಈ ಭೇದವು ತಿಳಿಯದು.

5. ನಾಲ್ಕನೆಯ ಬಾಗಿಲು: ಜಮೀನಿನ ಪೂರ್ವಚರಿತ್ರೆ

ಮೇಲೆ ಹೇಳಿದ ಐದು ಭಾಗಗಳಲ್ಲಿ ಯಾವುದು ಎಷ್ಟಿದೆಯೆಂದು ಸಾಧಾರಣ ಪರೀಕ್ಷೆಯಿಂದ ತಿಳಿಯುವುದಿಲ್ಲ. ಜಮೀನು ಬಹುಕಾಲದಿಂದ ಒಂದೇ ಕ್ರಮದಲ್ಲಿ ಸಾಗುವಳಿಯಾಗಿ ಬರವು ಖರ್ಚು ಸಮವಾಗಿ ನಿಂತಿದೆಯೆಂದು ಭಾವಿಸಿ ಲೆಕ್ಕವನ್ನು ತೊಡಗುತ್ತಾರೆ. ಗ್ರಾಮದ ಹಿರಿಯರಿಗೆ ತಿಳಿದಿರುವಂತೆ ಸಂಗತಿಯು ಹಾಗಿರುವುದಿಲ್ಲ. ಒಂದು ಹೊಲವು ಕೆಲವು ವರ್ಷ ಬೀಳು ಬಿದ್ದಿತ್ತು. ಇನ್ನೊಂದಕ್ಕೆ ಕೆರೆಯ ಗೋಡುಮಣ್ಣನ್ನು ಹೊಡೆದಿತ್ತು. ಮತ್ತೊಂದರಲ್ಲಿ ಕುರಿಮಂದೆ ನಿಲ್ಲಿಸುವ ರೂಢಿಯಿತ್ತು. ಊರಿಗೆ ಹತ್ತಿರದ ಹೊಲವು ಗೊಬ್ಬರ ಕಂಡಿರುತ್ತದೆ. ದೂರದ ಹೊಲವು ಕಂಡಿರುವುದಿಲ್ಲ. ಇಳಿಯುತ್ತಿರುವ ಮಟ್ಟವನ್ನು ನಿಂತ ಮಟ್ಟವೆಂದು ತಿಳಿದರೆ ಮುಂದಿನ ಲೆಕ್ಕವೆಲ್ಲಾ ಆ ಕಡೆಗೇ ವಾಲುತ್ತದೆ.

6. ಕಳೆಯುವ ತಪ್ಪು, ಕಳೆಯದ ತಪ್ಪು

ಹಿಂದೆ ಪೈರು ನಿಂತಿರುವಾಗಲೇ ಹದಿನಾರಾಣೆಗೆ ಎಷ್ಟಾಣೆ ಫಸಲೆಂದು ಆಣೆವಾರಿ ಹಾಕುತ್ತಿದ್ದರು. ಒಬ್ಬನು ಎಂಟಾಣೆ ಎಂದರೆ ಇನ್ನೊಬ್ಬನು ಹತ್ತಾಣೆ ಎನ್ನುತ್ತಿದ್ದನು. ಹಲವರ ಅಂದಾಜನ್ನು ಸೇರಿಸಿ ಸರಾಸರಿ ತೆಗೆದರೆ ಒಬ್ಬೊಬ್ಬರ ತಪ್ಪು ಒಂದಕ್ಕೊಂದು ಕಳೆದುಹೋಗುತ್ತದೆ. ಮಣ್ಣನ್ನು ಹಲವು ಕಡೆ ತೆಗೆದು ಸೇರಿಸುವುದರಿಂದಲೂ, ಒಂದು ಹೊಲಕ್ಕೆ ಬದಲಾಗಿ ನೂರು ಹೊಲಗಳನ್ನು ಅಳೆಯುವುದರಿಂದಲೂ ಈ ಜಾತಿಯ ತಪ್ಪು ಕಡಿಮೆಯಾಗುತ್ತದೆ. ಆದರೆ ಅಳೆಯುವ ಬಳ್ಳವೇ ತಪ್ಪಾಗಿದ್ದರೆ ನೂರು ಸಲ ಅಳೆದರೂ ತಪ್ಪು ಹೋಗುವುದಿಲ್ಲ. ಒಣ ತಿಂಗಳ ವೇಗವನ್ನು ತಪ್ಪಾಗಿ ಹಿಡಿದಿರುವ ಲೆಕ್ಕವು ತಾಲ್ಲೂಕಿನ ಎಲ್ಲಾ ಹೊಲಗಳಲ್ಲಿಯೂ ಒಂದೇ ಕಡೆಗೆ ತಪ್ಪುತ್ತದೆ. ಹೊಲಗಳ ಸಂಖ್ಯೆ ದೊಡ್ಡದೆಂಬ ಕಾರಣದಿಂದ ಇಂಥ ಅಂಕಿಯನ್ನು ನಂಬಲಾಗದು.

ಈ ಕಾರಣದಿಂದ ಒಳ್ಳೆಯ ಲೆಕ್ಕಗಾರರು ಒಂದೇ ಅಂಕಿಯನ್ನು ಕೊಡುವುದಿಲ್ಲ. ಗೊಬ್ಬರ, ತೂಕ, ತೇವ, ವೇಗ ಇವುಗಳನ್ನು ಸಂಭವವಿರುವಷ್ಟು ಹೆಚ್ಚುಕಮ್ಮಿ ಮಾಡಿ ಗಣಕಯಂತ್ರದಿಂದ ಸಾವಿರಾರು ಸಲ ಲೆಕ್ಕಮಾಡಿಸಿ, ಉತ್ತರವು ಇಷ್ಟರಿಂದ ಇಷ್ಟರೊಳಗೆ ಇರುವುದೆಂದು ತಿಳಿಸುತ್ತಾರೆ. ಸ್ಥಳೀಯ ಅಳತೆಯಿಲ್ಲದಾಗ ಈ ಅಂತರವು ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಒಂದು ನಿದರ್ಶನ: ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಮಂಡಲಿಯು 2006ರ ತನ್ನ ಮಾರ್ಗಸೂಚಿಯಲ್ಲಿ, ಉಷ್ಣವಲಯದ ಒಣ ಸೀಮೆಯ ಒಂದು ವರ್ಗದ ಮಣ್ಣಿಗೆ 30 ಸೆಂಟಿಮೀಟರ್ ಆಳಕ್ಕೆ ಹೆಕ್ಟೇರಿಗೆ 38 ಟನ್ನು ಇಂಗಾಲವೆಂದು ಬರೆದು, ಅದರಲ್ಲಿ ನೂರಕ್ಕೆ 90ರಷ್ಟು ಹೆಚ್ಚುಕಮ್ಮಿ ಇರಬಹುದೆಂದೂ ಹೇಳಿತು. ಎಂದರೆ ನಿಜವಾದ ಅಂಕಿಯು 4ರಿಂದ 72 ಟನ್ನಿನೊಳಗೆ ಎಲ್ಲಿಯಾದರೂ ಇರಬಹುದು.

7. ಲೆಕ್ಕದಿಂದ ಆಗುವ ಉಪಯೋಗ

ಇಷ್ಟರಿಂದ ಲೆಕ್ಕವೇ ನಿಷ್ಪ್ರಯೋಜಕವೆಂದು ತಿಳಿಯಕೂಡದು. ಹೊಲದಲ್ಲಿ ಇಂಗಾಲವು ಒಟ್ಟು ಎಷ್ಟಿದೆಯೆಂಬ ಉತ್ತರಕ್ಕಿಂತ, ಎರಡು ಕ್ರಮಗಳಲ್ಲಿ ಯಾವುದು ಮೇಲು ಎಂಬ ಉತ್ತರವು ಹೆಚ್ಚು ಭದ್ರವಾದುದು. ಏತಕ್ಕೆಂದರೆ ಎರಡಕ್ಕೂ ಮಳೆ, ಶಾಖ, ಮಣ್ಣು ಒಂದೇ ಆದುದರಿಂದ ಎರಡರಲ್ಲಿಯೂ ಸಮನಾಗಿರುವ ತಪ್ಪು ಬಹುಮಟ್ಟಿಗೆ ಕಳೆದುಹೋಗುತ್ತದೆ. ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಂಪು ಮಣ್ಣಿನಲ್ಲಿ 1978ರಲ್ಲಿ ಪ್ರಾರಂಭವಾದ ಖುಷ್ಕಿ ರಾಗಿಯ ದೀರ್ಘಕಾಲದ ಪರೀಕ್ಷೆಯಲ್ಲಿ, ಹೆಕ್ಟೇರಿಗೆ 10 ಟನ್ನಿನಂತೆ ಕೊಟ್ಟಿಗೆ ಗೊಬ್ಬರವನ್ನು ರಾಸಾಯನಿಕ ಗೊಬ್ಬರದೊಡನೆ ಸೇರಿಸಿ ಕೊಟ್ಟ ತಾಕುಗಳು, ಏನೂ ಕೊಡದ ತಾಕುಗಳಿಗಿಂತ ಇಳುವರಿಯಲ್ಲಿಯೂ ಇಂಗಾಲದಲ್ಲಿಯೂ ಮೇಲಾಗಿ ನಿಂತಿವೆ. ಇಲ್ಲಿ ಸಂಶಯಕ್ಕೆ ಎಡೆಯಿಲ್ಲ.

ಆದರೆ ಮುಖ್ಯಸ್ಥರು ಒಂದು ಮಾತನ್ನು ಗಮನಿಸಬೇಕು. ಒಬ್ಬನ ಹೊಲಕ್ಕೆ ಹೋಗುತ್ತಿದ್ದ ಗೊಬ್ಬರವನ್ನು ಕೊಂಡು ಇನ್ನೊಬ್ಬನ ಹೊಲಕ್ಕೆ ಹಾಕಿದರೆ ಒಂದು ಹೊಲದ ಇಂಗಾಲ ಏರಿ ಮತ್ತೊಂದರದು ಇಳಿಯುತ್ತದೆ. ಗ್ರಾಮದ ಒಟ್ಟು ಲೆಕ್ಕದಲ್ಲಿ ಲಾಭವಿಲ್ಲ. ಸುಡುತ್ತಿದ್ದ ಸಗಣಿಯನ್ನು ಗುಂಡಿಗೆ ಹಾಕುವುದು, ಬದುಗಳ ಮೇಲೆ ಗೊಬ್ಬರದ ಗಿಡ ಬೆಳೆಸುವುದು, ಮೇಲ್ಮಣ್ಣು ಕೊಚ್ಚದಂತೆ ಅಡ್ಡಬದು ಹಾಕುವುದು, ಇವೇ ನಿಜವಾದ ಸಂಪಾದನೆ.

8. ಜಮೀನುದಾರರು ಮಾಡತಕ್ಕ ಕೆಲಸಗಳು

(1) ಮಣ್ಣು ತೆಗೆಯುವಾಗ ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಹತ್ತಕ್ಕೆ ಕಮ್ಮಿಯಿಲ್ಲದ ಕಡೆಗಳಲ್ಲಿ ಒಂದೇ ಆಳದಿಂದ ತೆಗೆದು ಬೆರೆಸತಕ್ಕದ್ದು. ಮರದ ಬುಡ, ತಿಪ್ಪೆಯ ಜಾಗ, ಬದುವಿನ ಅಂಚು ಇವುಗಳನ್ನು ಬಿಡತಕ್ಕದ್ದು. ಇಂಗಾಲದ ಲೆಕ್ಕಕ್ಕಾಗಿ ತೆಗೆಯುವುದಾದರೆ ಮಣ್ಣಿನ ತೂಕವನ್ನೂ ಗರಸಿನ ಪಾಲನ್ನೂ ಅಳೆಯಬೇಕೆಂದು ಕೇಳತಕ್ಕದ್ದು.

(2) ಪುನಃ ಅಳೆಯುವುದನ್ನು ಐದು ವರ್ಷಕ್ಕೆ ಮುಂಚೆ ಮಾಡಿದರೆ ಫಲವಿಲ್ಲ. ಅಳೆಯುವಾಗ ಜಾಗ, ಆಳ, ತಿಂಗಳು, ಪ್ರಯೋಗಶಾಲೆಯ ವಿಧಾನ ಇವೆಲ್ಲಾ ಮೊದಲಿನವೇ ಆಗಿರಬೇಕು.

(3) ಹೊಲಹೊಲಕ್ಕೂ ಒಂದು ಪುಸ್ತಕವನ್ನಿಟ್ಟು, ಹೊಡೆದ ಗೊಬ್ಬರದ ಗಾಡಿಗಳೆಷ್ಟು, ಒಂದು ಗಾಡಿಯ ತೂಕವೆಷ್ಟು, ಮಂದೆ ನಿಲ್ಲಿಸಿದ ರಾತ್ರಿಗಳೆಷ್ಟು, ಗೋಡುಮಣ್ಣು ಎಷ್ಟು, ಬಂದ ಇಳುವರಿ ಮತ್ತು ಹುಲ್ಲು ಎಷ್ಟು ಎಂಬುದನ್ನು ಆಗಾಗಲೇ ಬರೆದಿಡತಕ್ಕದ್ದು. ಎರಡನೆಯ ಮತ್ತು ನಾಲ್ಕನೆಯ ಬಾಗಿಲುಗಳನ್ನು ಮುಚ್ಚುವುದಕ್ಕೆ ಇದಕ್ಕಿಂತ ಅಗ್ಗವಾದ ಉಪಾಯವಿಲ್ಲ.

(4) ಹೊಸ ಕ್ರಮವನ್ನು ಹಿಡಿದ ಹೊಲದಲ್ಲಿ ಒಂದು ಪಟ್ಟಿಯನ್ನು ಹಳೆಯ ಕ್ರಮದಲ್ಲಿಯೇ ಬಿಡತಕ್ಕದ್ದು. ಎರಡನ್ನೂ ಹೋಲಿಸಿದಾಗ ಮಳೆಯ ಹೆಚ್ಚುಕಮ್ಮಿಯ ಮಾತು ಬರುವುದಿಲ್ಲ.

(5) ಇಂಗಾಲದ ಒಪ್ಪಂದಕ್ಕೆ ರುಜು ಹಾಕುವ ಮೊದಲು ಈ ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯತಕ್ಕದ್ದು. ಹೇಳಿದ ಅಂಕಿಯು ನಡುವಿನದೋ, ಕೆಳಗಿನ ಮಿತಿಯದೋ? ಅದು ಇಂಗಾಲದ ತೂಕವೋ, ಅಂಗಾರಾಮ್ಲ ವಾಯುವಿನ ತೂಕವೋ? ಒಂದು ಟನ್ನು ಇಂಗಾಲವು 3.67 ಟನ್ನು ವಾಯುವಿಗೆ ಸಮವಾದುದರಿಂದ, ಈ ಭೇದ ತಿಳಿಯದವನು ಮೋಸಹೋಗುತ್ತಾನೆ. ಮಾದರಿಯನ್ನು ಈ ಸೀಮೆಯ ಮಣ್ಣಿನಲ್ಲಿ ಅಳತೆಯೊಡನೆ ತಾಳೆ ನೋಡಿದೆಯೋ? ಅಳೆಯುವ ವೆಚ್ಚ ಯಾರದು? ಬರಗಾಲದಿಂದ ಅಂಕಿಯು ತಲುಪದಿದ್ದರೆ ನಷ್ಟ ಯಾರದು? ಎಷ್ಟು ವರ್ಷ ಕಟ್ಟು? ಜಮೀನು ವಿಭಾಗವಾದರೆ ಅಥವಾ ಮಾರಾಟವಾದರೆ ಹೊಣೆ ಯಾರದು?

(6) ಬರಬಹುದಾದ ಹಣವನ್ನು ನಂಬಿ ಸಾಲ ಮಾಡಬಾರದು; ದನಗಳ ಮೇವಿಗೆ ಬೇಕಾದ ಹುಲ್ಲನ್ನು ಹೊಲಕ್ಕೆ ಬಿಡಬಾರದು.

ಗೊಬ್ಬರದಿಂದಲೂ ಬದುವಿನಿಂದಲೂ ಜಮೀನಿಗೆ ಆಗುವ ಲಾಭವು ರಾಗಿಯ ಇಳುವರಿಯಲ್ಲಿ, ಮಳೆ ತಪ್ಪಿದ ವಾರಗಳಲ್ಲಿ ಪೈರು ತಡೆದು ನಿಲ್ಲುವುದರಲ್ಲಿ ಕಾಣುತ್ತದೆ. ಇದಕ್ಕೆ ಗಣಕಯಂತ್ರದ ಅಂಕಿಯನ್ನು ಕಾಯಬೇಕಾಗಿಲ್ಲ. ಆ ಅಂಕಿಯ ಮೇಲೆ ಹಣವನ್ನು ಕೊಡುವುದಾಗಿ ಯಾರಾದರೂ ಬಂದರೆ, ಇಷ್ಟರಿಂದ ಇಷ್ಟರವರೆಗೆ ಎಂದು ಎರಡು ಅಂಕಿಗಳನ್ನು ಕೇಳಿ, ಕಮ್ಮಿಯಾದುದನ್ನೇ ತನ್ನದೆಂದು ಎಣಿಸುವ ಜಮೀನುದಾರನಿಗೆ ನಷ್ಟದ ಭಯ ಕಡಿಮೆ.